ಬೇಲಿಯ ಲಕ್ಕಿ, ಕಾಡಿನ ಬೇರು

ಗುಡ್ಡಗಾಡಿನ ಬದುಕು ನಿಂತಿರುವುದು ಕಾಲಿನ ಮೇಲೆ. ಮನೆಯಿಂದ ತೋಟಕ್ಕೆ ಇಳಿಯಬೇಕು, ತೋಟದಿಂದ ಸೊಪ್ಪಿನಬೆಟ್ಟಕ್ಕೆ ಏರಬೇಕು, ಬಸ್ಸು ನಿಲ್ಲುವ ತಿರುವಿನವರೆಗೆ ಮಳೆಯಲ್ಲೂ ನಡೆಯಬೇಕು. ನಾಟಿ ಮಾಡುವ ಹೆಣ್ಣುಮಕ್ಕಳು ದಿನವಿಡೀ ಕೆಸರಿನಲ್ಲಿ ಬಾಗಿ ನಿಲ್ಲುತ್ತಾರೆ. ಕಾಫಿ ಕೊಯ್ಯುವವರು ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಊರಿ ಗಂಟೆಗಟ್ಟಲೆ ಕಳೆಯುತ್ತಾರೆ. ಅಡಿಕೆ ಕೊನೆ ಇಳಿಸುವವನ ಮೈಭಾರವೆಲ್ಲ ಪಾದದ ಮೇಲೆಯೂ ಮೊಣಕಾಲಿನ ಮೇಲೆಯೂ ಬೀಳುತ್ತದೆ. ಹೀಗೆ ಮೂವತ್ತು ನಲವತ್ತು ವರ್ಷ ದುಡಿದ ಕಾಲು ನೋಯತೊಡಗಿದಾಗ ಅದನ್ನು ಕಾಯಿಲೆಯೆಂದು ಎಣಿಸುವವರು ಕಡಿಮೆ. "ವಯಸ್ಸಾಯಿತು, ವಾಯು ಹಿಡಿದಿದೆ" ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಆಮೇಲೆ ಮದ್ದಿನ ಹುಡುಕಾಟ ಆರಂಭವಾಗುತ್ತದೆ. ಮಲೆನಾಡಿನ ಮನೆಗೆ ಕಾಲುನೋವಿನ ಮದ್ದು ಎರಡು ದಾರಿಗಳಿಂದ ಬರುತ್ತದೆ. ಒಂದು ಬೇಲಿಯಿಂದ, ಹಿತ್ತಿಲಿನಿಂದ, ಬಚ್ಚಲಿನ ಹಂಡೆಯಿಂದ. ಇನ್ನೊಂದು ಪೇಟೆಯಿಂದ, ಬಣ್ಣದ ಚೀಟಿ ಅಂಟಿಸಿದ ಬಾಟಲಿಯಲ್ಲಿ, "ಸಂಪೂರ್ಣ ನೈಸರ್ಗಿಕ" ಎಂಬ ಭರವಸೆಯೊಂದಿಗೆ. ಮೊದಲನೆಯದನ್ನು ಕಾಲ ಕಳೆದ ಹಳ್ಳಿಮದ್ದು ಎಂದು ಬಿಡಲಾಗುತ್ತಿದೆ. ಎರಡನೆಯದನ್ನು ಆಯುರ್ವೇದವೆಂದು ನಂಬಿ ಕೊಳ್ಳಲಾಗುತ್ತಿದೆ. ಈ ಎರಡು ಮದ್ದುಗಳಲ್ಲಿ ಕಾಲಿಗೆ ಯಾವುದು ಹಿತ, ಕಾಡಿಗೆ ಯಾವುದು ಹಿತ, ಮತ್ತು ಎರಡೂ ಕೈಚೆಲ್ಲುವ ಗಡಿ ಯಾವುದು ಎಂಬುದನ್ನು ಪ್ರತಿಯೊಂದು ಹಳ್ಳಿಯೂ ಅರಿಯಬೇಕಾಗಿದೆ. ಬೆಟ್ಟದ ಜನರ ಕಾಲೂ ಬೆಟ್ಟದ ಮರಗಳ ಬೇರೂ ಈ ಅರಿವಿನ ಮೇಲೆ ನಿಂತಿವೆ.

ಹೆಸರೊಂದು, ನೋವು ಹಲವು

ಆಯುರ್ವೇದವೆಂದರೆ ಎಣ್ಣೆ ತಿಕ್ಕುವುದು ಎಂಬ ತಿಳಿವಳಿಕೆ ಬಲವಾಗಿ ಬೇರೂರಿದೆ. ಆದರೆ ಹಳೆಯ ಗ್ರಂಥಗಳು ಕಾಲುನೋವನ್ನು ಒಂದೇ ಕಾಯಿಲೆಯೆಂದು ಎಲ್ಲಿಯೂ ಹೇಳುವುದಿಲ್ಲ. ಸೊಂಟದಿಂದ ಹೊರಟು ತೊಡೆಯ ಹಿಂಬದಿಯಿಂದ ಪಾದದವರೆಗೆ ಸೆಳೆಯುವ ನೋವಿಗೆ ಗೃಧ್ರಸಿ ಎಂದು ಹೆಸರು. ಕೀಲು ಸವೆದು ಊದಿ, ಮಡಚುವಾಗ ನೋಯುವುದು ಸಂಧಿಗತವಾತ. ಮೀನಖಂಡ ಹಿಂಡಿದಂತಾಗುವುದು ಖಲ್ಲೀ. ಏರುತಗ್ಗಿನ ನೆಲದಲ್ಲಿ ಕಾಲು ಓರೆಯಾಗಿ ಬಿದ್ದು ಅಥವಾ ಅತಿಯಾದ ದಣಿವಿನಿಂದ ಪಾದದ ಕೀಲಿನಲ್ಲಿ ನೆಲೆಸುವ ನೋವನ್ನು ವಾತಕಂಟಕ ಎಂದರು. ಬೆಟ್ಟದ ಜನರಿಗೆ ಇದರ ವಿವರಣೆಯೇ ಬೇಕಿಲ್ಲ. ಅಜೀರ್ಣದಿಂದ ಹುಟ್ಟಿ ಕೀಲುಗಳನ್ನು ಹಿಡಿಯುವ ಆಮವಾತ, ಕೆಂಪಗೆ ಉರಿಯುವ ವಾತರಕ್ತ ಮೊದಲಾದವುಗಳಿಗೆ ಬೇರೆ ಬೇರೆ ಅಧ್ಯಾಯಗಳೇ ಇವೆ.

ಇವುಗಳಲ್ಲಿ ಊರುಸ್ತಂಭದ ಉದಾಹರಣೆ ಎಲ್ಲಕ್ಕಿಂತ ಗಮನಾರ್ಹವಾದುದು. ತೊಡೆಗಳು ಮರಗಟ್ಟಿ, ಭಾರವಾಗಿ, ಕಾಲು ಎತ್ತಲಾರದ ಈ ಸ್ಥಿತಿಗೆ ಚರಕಸಂಹಿತೆಯ ಚಿಕಿತ್ಸಾಸ್ಥಾನ ಒಂದು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ. ಅಲ್ಲಿ ಎಣ್ಣೆಯ ಪ್ರಯೋಗ ಬೇಡವೆಂದು ಸ್ಪಷ್ಟವಾಗಿ ಹೇಳಲಾಗಿದೆ; ವಮನ, ವಿರೇಚನ, ಬಸ್ತಿಗಳೂ ಬೇಡ. ಆಮವಾತದಲ್ಲಿಯೂ ವೈದ್ಯರು ಮೊದಲಿಗೆ ಹೇಳುವುದು ಎಣ್ಣೆಯನ್ನಲ್ಲ, ಹುರಿದ ಮರಳಿನ ಒಣ ಶಾಖವನ್ನು. ಎಣ್ಣೆಯನ್ನು ಅಷ್ಟೊಂದು ಕೊಂಡಾಡಿದ ಶಾಸ್ತ್ರವೇ ಕಾಲಿನ ಕೆಲವು ನೋವುಗಳಿಗೆ ಎಣ್ಣೆ ಮುಟ್ಟಿಸಬೇಡಿ ಎಂದಿದೆ. ನೋವು ಯಾವುದೆಂದು ತಿಳಿಯುವ ಮೊದಲು ಮದ್ದು ಕೊಡುವುದು ಆಯುರ್ವೇದದ ಕ್ರಮವಲ್ಲ, ಅಂಗಡಿಯ ಕ್ರಮ.

ಬಚ್ಚಲುಮನೆಯ ಚಿಕಿತ್ಸೆ

ದುಡಿದು ದಣಿದ ಕಾಲಿಗೆ, ಥಂಡಿಗೆ ಬಿಗಿದುಕೊಂಡ ಸ್ನಾಯುವಿಗೆ, ಸವೆಯುತ್ತಿರುವ ಮಂಡಿಗೆ ಮನೆಯ ಚಿಕಿತ್ಸೆ ನಿಜವಾದ ನೆಮ್ಮದಿ ಕೊಡುತ್ತದೆ. ಅದರಲ್ಲಿ ಮೊದಲ ಸ್ಥಾನ ಲಕ್ಕಿಗಿಡದ್ದು. ಕೆಲವು ಕಡೆ ನೆಕ್ಕಿ ಎಂದೂ ಸಂಸ್ಕೃತದಲ್ಲಿ ನಿರ್ಗುಂಡಿ ಎಂದೂ ಕರೆಯುವ ಈ ಪೊದೆಗೆ ದನ ಬಾಯಿ ಹಾಕುವುದಿಲ್ಲ. ಆದ್ದರಿಂದಲೇ ಅದು ಬೇಲಿಯ ಗಿಡವಾಯಿತು. ಗೆಲ್ಲು ಕಡಿದು ನೆಟ್ಟರೆ ಚಿಗುರುತ್ತದೆ, ಕಡಿದಷ್ಟೂ ಸೊಪ್ಪು ಬಿಡುತ್ತದೆ. ಒಂದು ಹಿಡಿ ಲಕ್ಕಿಸೊಪ್ಪನ್ನು ಹಂಡೆಯ ನೀರಿಗೆ ಹಾಕಿ ಕುದಿಸಿ, ಆ ನೀರನ್ನು ನೋಯುವ ಕಾಲಿಗೆ ಹೊಯ್ಯುವುದು ಮಲೆನಾಡಿನ ಬಾಣಂತಿಯ ಸ್ನಾನದಿಂದ ಹಿಡಿದು ಮುದುಕರ ಮಂಡಿನೋವಿನವರೆಗೆ ನಡೆದುಬಂದ ಪದ್ಧತಿ. ಈ ಎಲೆಯ ಸತ್ವಕ್ಕೆ ಉರಿಯೂತ ತಗ್ಗಿಸುವ ಗುಣವಿರುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳು ಕಡಿಮೆ. ಆದರೆ ಬಿಸಿನೀರಿನ ಕಾವೊಂದೇ ಸ್ನಾಯುವಿನ ಬಿಗಿತವನ್ನು ಸಡಿಲಿಸಿ ರಕ್ತಸಂಚಾರವನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಲಕ್ಕಿಯ ತೈಲವನ್ನೂ ಮನೆಯಲ್ಲಿಯೇ ಕಾಯಿಸಬಹುದು. ತೈಲಪಾಕಕ್ಕೆ ಶಾರ್ಙ್ಗಧರಸಂಹಿತೆ ಹೇಳುವ ಸಾಮಾನ್ಯ ಪ್ರಮಾಣ ಸರಳವಾಗಿದೆ: ಅರೆದ ಮುದ್ದೆ ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಅಥವಾ ಕಷಾಯ ಹದಿನಾರು ಪಾಲು. ಎಳ್ಳೆಣ್ಣೆಗೆ ಲಕ್ಕಿಸೊಪ್ಪಿನ ಮುದ್ದೆಯನ್ನೂ ರಸವನ್ನೂ ಸೇರಿಸಿ ಸಣ್ಣ ಉರಿಯಲ್ಲಿ ನೀರಿನಂಶ ಪೂರ್ತಿ ಆರುವವರೆಗೆ ಕಾಯಿಸಬೇಕು. ತಳದ ಮುದ್ದೆಯನ್ನು ಬತ್ತಿಯಂತೆ ಹೊಸೆದು ಉರಿಗೆ ಹಿಡಿದಾಗ ಚಟಪಟ ಸದ್ದು ಬರದಿದ್ದರೆ, ಎಣ್ಣೆಯ ಮೇಲೆ ನೊರೆ ಎದ್ದಿದ್ದರೆ ಪಾಕವಾಯಿತೆಂದು ತಿಳಿಯಬೇಕು. ನೀರು ಉಳಿದ ಎಣ್ಣೆ ಬೇಗ ಕೆಡುತ್ತದೆ. ಸೀದ ಎಣ್ಣೆ ಗುಣ ಕಳೆದುಕೊಳ್ಳುತ್ತದೆ. ಹಿರಿಯ ಹೆಂಗಸರು ಕಣ್ಣಳತೆಯಲ್ಲಿ ಮಾಡುತ್ತಿದ್ದ ಈ ಕೆಲಸವನ್ನು ವಿದ್ಯಾರ್ಥಿಗಳು ಒಮ್ಮೆ ಅಳತೆಯಿಟ್ಟು ಕಲಿತರೆ, ಒಂದು ವಿದ್ಯೆ ಮುಂದಿನ ತಲೆಮಾರಿಗೆ ದಾಟುತ್ತದೆ.

ಉಪ್ಪನ್ನೋ ಮರಳನ್ನೋ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು, ಹದವಾಗಿ ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಮಂಡಿಗೆ ಸವರಿ ಬಟ್ಟೆ ಸುತ್ತುವುದು, ಮಲಗುವ ಮುನ್ನ ಅಂಗಾಲಿಗೆ ಎಣ್ಣೆ ತಿಕ್ಕುವುದು ಇವೆಲ್ಲವೂ ಇದೇ ಸಾಲಿಗೆ ಸೇರುತ್ತವೆ. ಪಾದಾಭ್ಯಂಗವನ್ನು ಚರಕಸಂಹಿತೆ ಕಾಯಿಲೆಯ ಮದ್ದಿನ ಪಟ್ಟಿಯಲ್ಲಿಡದೆ ದಿನಚರಿಯ ಭಾಗವಾಗಿ ಹೇಳಿರುವುದು ಅರ್ಥಪೂರ್ಣವಾಗಿದೆ. ಬರಿಗಾಲಿನಲ್ಲಿ ಕೆಸರು ತುಳಿಯುವವರ ಹಿಮ್ಮಡಿ ಒಡೆಯದಂತೆ, ಪಾದ ಒರಟಾಗದಂತೆ ಕಾಯುವ ನಿತ್ಯದ ಆರೈಕೆ ಅದು. ಸಂಜೆ ಐದು ನಿಮಿಷ ಕಾಲನ್ನು ನೋಡಿಕೊಳ್ಳುವವನಿಗೆ ಸಣ್ಣ ಗಾಯ, ಬಿರುಕು, ಊತ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು ಲಾಭ.

ಮನೆಮದ್ದಿಗೂ ಎಚ್ಚರ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಶಾಖದ ಗಂಟು ಸುಟ್ಟರೂ ಗೊತ್ತಾಗುವುದಿಲ್ಲ. ಆ ಸುಟ್ಟಗಾಯವೇ ಕಾಲು ಕಳೆದುಕೊಳ್ಳುವ ದಾರಿಯಾಗಬಹುದು. ಎಕ್ಕದ ಎಲೆಯನ್ನು ಬಾಡಿಸಿ ಕಟ್ಟುವಾಗ ಅದರ ಹಾಲು ಕಣ್ಣಿಗೆ ತಾಗಬಾರದು. ಕಾಡುಗೇರಿನ ಎಣ್ಣೆ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ. ಪಳಗಿದ ವೈದ್ಯರ ಕೈಯಲ್ಲಲ್ಲದೆ ಅದನ್ನು ಬಳಸಬಾರದು. ಶುಂಠಿ ಕಷಾಯದೊಂದಿಗೆ ಹರಳೆಣ್ಣೆ ಕುಡಿಯುವ ಪದ್ಧತಿ ಶಾಸ್ತ್ರದಲ್ಲಿದ್ದರೂ ಗರ್ಭಿಣಿಯರು ಅದರ ಗೊಡವೆಗೆ ಹೋಗಬಾರದು.

ಎಣ್ಣೆಯ ಗಡಿ

ಬೆಟ್ಟದ ಊರುಗಳಲ್ಲಿ ಎಣ್ಣೆ ತಿಕ್ಕಿ ಕಾಯುತ್ತ ಕೂರಬಾರದ ನೋವುಗಳಿವೆ. ಜ್ವರದೊಂದಿಗೆ ಮೀನಖಂಡ ಮುಟ್ಟಲಾಗದಷ್ಟು ನೋಯುತ್ತಿದ್ದು, ಕಣ್ಣು ಕೆಂಪಾಗಿದ್ದರೆ ಅದು ಇಲಿಜ್ವರವಿರಬಹುದು. ಇಲಿಯ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು, ಸೋಂಕು ಒಳಸೇರುತ್ತದೆ. ಸಕಾಲದಲ್ಲಿ ಮಾತ್ರೆ ಸಿಕ್ಕರೆ ಗುಣವಾಗುವ ಈ ಜ್ವರ ತಡವಾದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸುತ್ತದೆ. ಬೇಸಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಹಠಾತ್ತನೆ ಜ್ವರ, ತಲೆನೋವು, ಮೈಕೈಯ ತೀವ್ರ ನೋವು ಬಂದರೆ ಮಂಗನ ಕಾಯಿಲೆಯನ್ನು ನೆನೆಯಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ; ರಕ್ತಸ್ರಾವಕ್ಕೂ ಕಾರಣವಾಗಬಲ್ಲದು. ಅಂಥವರಿಗೆ ಅಂಗಡಿಯ ನೋವಿನ ಮಾತ್ರೆ ನುಂಗಿಸುವುದು ಅಪಾಯವನ್ನು ಹೆಚ್ಚಿಸುತ್ತದೆ. 2006ರಲ್ಲಿ ಕರ್ನಾಟಕವನ್ನು ವ್ಯಾಪಕವಾಗಿ ಕಾಡಿದ ಚಿಕುನ್‌ಗುನ್ಯಾದ ಕೀಲುನೋವು ಜ್ವರ ಬಿಟ್ಟ ಮೇಲೂ ಅನೇಕರಲ್ಲಿ ತಿಂಗಳುಗಟ್ಟಲೆ ಉಳಿಯಿತು. ಆ ಉಳಿಕೆ ನೋವಿಗೆ ಶಾಖವೂ ಲಘು ವ್ಯಾಯಾಮವೂ ಆಧಾರವಾಗಬಲ್ಲವು. ಜ್ವರದ ದಿನಗಳ ನೋವಿಗೆ ಆಸ್ಪತ್ರೆಯೇ ದಾರಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಅದನ್ನು ಎಂದಿಗೂ ತಿಕ್ಕಬಾರದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹರಿದರೆ ಪ್ರಾಣಕ್ಕೇ ಕುತ್ತು. ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತೊಡನೆ ನೋವು ಇಳಿಯುತ್ತಿದ್ದರೆ ಅಪಧಮನಿ ಕಿರಿದಾಗಿದೆ ಎಂಬ ಸೂಚನೆ. ಬೀಡಿ ಸೇದುವವರಲ್ಲಿ ಇದು ಹೆಚ್ಚು. ಬೀಡಿ ಬಿಡುವುದೇ ಅದರ ಮೊದಲ ಮದ್ದು. ಎರಡೂ ಪಾದಗಳಲ್ಲಿ ಉರಿ, ಜುಮು, ಹತ್ತಿಯ ಮೇಲೆ ನಡೆದಂತಹ ಅನುಭವವಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಲೇಬೇಕು. ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠವಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಸೊಂಟದಿಂದ ಇಳಿದ ನೋವಿನೊಂದಿಗೆ ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ದಿನವಿಡೀ ನಿಂತು ದುಡಿಯುವ ಹೆಣ್ಣುಮಕ್ಕಳಲ್ಲಿ ಹಾವಿನಂತೆ ಸುರುಳಿಸುತ್ತಿ ಉಬ್ಬುವ ನರಗಳನ್ನು ವೈದ್ಯರು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಅವಕ್ಕೆ ಬೇಕಾದದ್ದು ಬಲವಾದ ಮಾಲೀಸು ಅಲ್ಲ. ಕಾಲನ್ನು ದಿಂಬಿನ ಮೇಲಿಟ್ಟು ಎತ್ತರಿಸುವುದು, ಬಿಗಿಪಟ್ಟಿ ಸುತ್ತುವುದು, ನಡುನಡುವೆ ನಡೆದಾಡುವುದು ಹಿತ. ಪಾದದ ಕೀಲಿನ ಬಳಿ ಚರ್ಮ ಕಪ್ಪಾಗತೊಡಗಿದರೆ ಹುಣ್ಣಾಗುವ ಮೊದಲೇ ತೋರಿಸಬೇಕು.

ಕಾಲುನೋವನ್ನು ಹಗುರಾಗಿ ಎಣಿಸಿದ್ದರ ಬೆಲೆಯನ್ನು ಮಲೆನಾಡು ಕಣ್ಣಾರೆ ಕಂಡಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಬೆಳಕಿಗೆ ಬಂದ ಕಾಯಿಲೆ ಬಡ ಕೂಲಿಕಾರ ಕುಟುಂಬಗಳ, ಮುಖ್ಯವಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯದವರ, ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಹಿಡಿಯಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನವರೇ ಬಾಗಿ, ಕೋಲೂರಿ, ಕೊನೆಗೆ ತೆವಳುವ ಸ್ಥಿತಿಗೆ ಬಂದರು. ಕೀಟನಾಶಕ ಬೆರೆತ ಗದ್ದೆಯ ಏಡಿ, ಮೀನುಗಳನ್ನು ತಿಂದದ್ದೇ ಕಾರಣವೆಂದು ಮೊದಲಿಗೆ ಶಂಕಿಸಲಾಯಿತು. ಮುಂದಿನ ಅಧ್ಯಯನಗಳು ಇದು ತಂದೆ ಅಥವಾ ತಾಯಿಯೊಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ ವಂಶವಾಹಿಯ ದೋಷವೆಂದು ತೋರಿಸಿದವು. ವಿಷದ ವಿರುದ್ಧ ಹೋರಾಡುವ ಪರಿಸರ ಚಳವಳಿಗೆ ಮೊದಲ ಕಾರಣ ಪ್ರಿಯವಾಗಿ ಕಂಡಿದ್ದರೂ ಎರಡನೆಯದನ್ನು ಒಪ್ಪುವುದೇ ಸತ್ಯಕ್ಕೆ ಸಲ್ಲಿಸುವ ಗೌರವ. ಕೀಟನಾಶಕ ಗದ್ದೆಗೆ ಬೇಡವೆನ್ನಲು ಬೇರೆ ಕಾರಣಗಳು ಸಾಕಷ್ಟಿವೆ. ಹಂದಿಗೋಡಿನ ಕಾಯಿಲೆಗೆ ಯಾವ ತೈಲವೂ ಪರಿಹಾರವಲ್ಲ. ನೋವಿನ ಶಮನ, ಅಂಗಸಾಧನೆ, ಕೆಲವರಿಗೆ ಕೀಲಿನ ಶಸ್ತ್ರಚಿಕಿತ್ಸೆ, ಎಲ್ಲರಿಗೂ ಘನತೆಯ ಬದುಕಿನ ಆಸರೆ ಬೇಕು. ಇಂಥ ಕುಟುಂಬದ ಬಾಗಿಲಿಗೆ "ನೂರಕ್ಕೆ ನೂರು ಗುಣ" ಎಂಬ ಬಾಟಲಿ ಹಿಡಿದು ಹೋಗುವುದು ಚಿಕಿತ್ಸೆಯಲ್ಲ, ಸುಲಿಗೆ.

ಪೇಟೆಯ ಪುಡಿ ಮತ್ತು ಮಾತ್ರೆ

ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಹೆಸರು ವಿಳಾಸವಿಲ್ಲದ ಪೊಟ್ಟಣಗಳಲ್ಲಿ ಮಾರುವ ಕೀಲುನೋವಿನ ಪುಡಿಗಳ ಬಗೆಗೆ ಒಂದು ಸರಳ ಪರೀಕ್ಷೆ ಇದೆ. ಬೇರು ನಾರಿನ ಮದ್ದು ನಿಧಾನವಾಗಿ ಕೆಲಸ ಮಾಡುತ್ತದೆ. ಎರಡೇ ದಿನದಲ್ಲಿ ವರ್ಷಗಳ ನೋವು ಮಾಯವಾಗಿ, ಹಸಿವು ಹೆಚ್ಚಿ, ಕೆಲವು ವಾರಗಳಲ್ಲಿ ಮುಖ ದುಂಡಗೆ ಊದಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವವಿದೆ. ಅದು ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಮೂಳೆಯನ್ನು ಟೊಳ್ಳು ಮಾಡುತ್ತದೆ. ಬಹುಕಾಲ ತಿಂದು ಒಮ್ಮೆಗೇ ನಿಲ್ಲಿಸುವುದೂ ಅಪಾಯಕಾರಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಬೇಕು.

ಹೆಸರುಳ್ಳ ಬಾಟಲಿಯೂ ಪ್ರಶ್ನಾತೀತವಲ್ಲ. ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು 2004ರಲ್ಲಿ ಪ್ರಕಟವಾಯಿತು. ಭಸ್ಮಗಳನ್ನು ಶುದ್ಧಿಮಾಡುವ ವಿಧಿಗಳು ಶಾಸ್ತ್ರದಲ್ಲಿವೆ ಎಂಬ ಉತ್ತರ, ಆ ವಿಧಿಗಳನ್ನು ಕಾರ್ಖಾನೆ ಪಾಲಿಸಿದೆಯೇ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಇನ್ನೊಂದೆಡೆ, ಮೂಲಿಕೆಗಳೆಲ್ಲ ಬರಿಯ ನಂಬಿಕೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಮಂಡಿ ಸವೆತಕ್ಕೆ ಕೊಡುವ ಮೂಲಿಕೆಗಳ ಬಗೆಗಿನ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡಿದ 2014ರ ಕಾಕ್ರೇನ್ ಪರಿಶೀಲನೆ, ಶಲ್ಲಕಿ ಮರದ ಅಂಟಿನಿಂದ ನೋವಿನಲ್ಲಿಯೂ ಚಲನೆಯಲ್ಲಿಯೂ ಅಲ್ಪ ಪ್ರಮಾಣದ ಸುಧಾರಣೆ ಇದೆಯೆಂದು ಕಂಡಿತು. ಅಲ್ಪವಾದರೂ ನಿಜವಾದ ಈ ಲಾಭಕ್ಕೂ ಜಾಹೀರಾತಿನ ಪವಾಡಕ್ಕೂ ನಡುವೆ ಬಹಳ ದೂರವಿದೆ.

ಹಾಗೆಂದು ಅಲೋಪಥಿಯ ನೋವಿನ ಮಾತ್ರೆಯನ್ನು ಅಡಿಕೆಯಂತೆ ಅಗಿಯುವುದು ಪರಿಹಾರವಲ್ಲ. ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ದೀರ್ಘಕಾಲದ ಬಳಕೆಯಿಂದ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಈ ಮದ್ದು ಪ್ರಕೃತಿಯಲ್ಲಿ ಮಾಡಿದ ಅನಾಹುತ ಇನ್ನೂ ದೊಡ್ಡದು. ಕುಂಟುವ ದನಗಳಿಗೆ ಚುಚ್ಚಿದ ಡೈಕ್ಲೋಫೆನಾಕ್ ಅವುಗಳ ಕಳೇಬರದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಮೂತ್ರಪಿಂಡವನ್ನು ನಾಶಮಾಡಿತು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99.9ರಷ್ಟು ಕುಸಿಯಿತು. ಕಾರಣ 2004ರಲ್ಲಿ ಪತ್ತೆಯಾಯಿತು. 2006ರಲ್ಲಿ ಜಾನುವಾರುಗಳಿಗೆ ಈ ಮದ್ದಿನ ಬಳಕೆಯನ್ನು ನಿಷೇಧಿಸಲಾಯಿತು. ಮನುಷ್ಯರ ಚುಚ್ಚುಮದ್ದಿನ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಗಾತ್ರವನ್ನು 3 ಮಿಲಿಲೀಟರಿಗೆ ಮಿತಿಗೊಳಿಸಲಾಯಿತು. ಒಂದು ನೋವಿನ ಮದ್ದು ಆಕಾಶವನ್ನೇ ಬರಿದುಮಾಡಿದ ಈ ಪ್ರಸಂಗ, ನೋವಿನ ಮದ್ದು ನೋಯುವವನ ಮೈಯಲ್ಲಿಯೇ ಕೊನೆಗೊಳ್ಳುವುದಿಲ್ಲ ಎಂಬುದನ್ನು ಕಲಿಸುತ್ತದೆ.

ಬಾಟಲಿಯೊಳಗಿನ ಕಾಡು

ಆಯುರ್ವೇದದ ಬಾಟಲಿಗೂ ಇದೇ ಮಾತು ಸಲ್ಲುತ್ತದೆ. ವಾತದ ಕಾಯಿಲೆಗಳಿಗೆ ಕೊಡುವ ಕಷಾಯ, ಅರಿಷ್ಟ, ತೈಲಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ದಶಮೂಲ. ಹತ್ತು ಸಸ್ಯಗಳಲ್ಲಿ ಐದು ಮರಗಳು: ಬಿಲ್ವ, ಶಿವನೆ, ಪಾದರಿ, ಶ್ಯೋನಾಕ, ಅಗ್ನಿಮಂಥ. ಉಳಿದ ಐದು ಸಣ್ಣ ಗಿಡಗಳು: ಶಾಲಪರ್ಣಿ, ಪೃಶ್ನಿಪರ್ಣಿ, ಕಿರುಗುಳ್ಳ, ನೆಲಗುಳ್ಳ, ನೆಗ್ಗಿಲು. ಹೆಸರೇ ಹೇಳುವಂತೆ ಬೇಕಾದದ್ದು ಇವುಗಳ ಬೇರು. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರೀತು, ಹಣ್ಣು ಆರಿಸಿದರೆ ಮರ ಉಳಿದೀತು. ಬೇರು ಅಗೆದ ಮರ ಉಳಿಯುವುದಿಲ್ಲ. ಒಬ್ಬ ನಾಟಿವೈದ್ಯ ವರ್ಷಕ್ಕೆ ನಾಲ್ಕು ರೋಗಿಗಳಿಗಾಗಿ ಮರದ ಒಂದು ಬದಿಯ ಸಣ್ಣ ಬೇರನ್ನು ಕತ್ತರಿಸಿ ಮಣ್ಣು ಮುಚ್ಚಿ ಬರುತ್ತಿದ್ದ ಕಾಲದಲ್ಲಿ ರೂಪುಗೊಂಡ ಯೋಗವಿದು. ಅದೇ ಯೋಗ ಕಾರ್ಖಾನೆಯ ಕೊಪ್ಪರಿಗೆ ಸೇರಿದಾಗ ಲೆಕ್ಕವೇ ಬದಲಾಗುತ್ತದೆ.

ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿಯ ಆಶ್ರಯದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1,178 ಜಾತಿಯ ಔಷಧಿ ಸಸ್ಯಗಳು ವ್ಯಾಪಾರದಲ್ಲಿವೆ. ಅವುಗಳಲ್ಲಿ 242 ಜಾತಿಗಳ ವಾರ್ಷಿಕ ಬಳಕೆ ತಲಾ 100 ಟನ್ನಿಗೂ ಹೆಚ್ಚು. ಇದರಲ್ಲಿ ಹೊಲದಲ್ಲಿ ಬೆಳೆದದ್ದೂ ಇದೆ, ಕಾಡಿನಿಂದ ಕಿತ್ತು ತಂದದ್ದೂ ಇದೆ. ಕೀಲುನೋವಿನ ಗುಳಿಗೆಗಳ ಜೀವಾಳವಾದ ಗುಗ್ಗುಲುವಿನ ಕಥೆ ಕಣ್ಣೆದುರಿಗಿದೆ. ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ನಿಧಾನವಾಗಿ ಬೆಳೆಯುವ ಈ ಪೊದೆಗೆ ಅಂಟಿನ ಆಸೆಯಿಂದ ಮಿತಿಮೀರಿ ಗಾಯಮಾಡಿದರೆ ಗಿಡವೇ ಒಣಗುತ್ತದೆ. ಇಂದು ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜಾತಿ. ಕಾಲಿನ ವಾತಕ್ಕೆಂದು ಕೇರಳದ ವೈದ್ಯರು ಮೆಚ್ಚುವ ಸಹಚರಾದಿ ತೈಲಕ್ಕೆ ಅಲ್ಲಿ ಬಳಸುವ ಕರಿಂಕುರಿಂಜಿ, ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲೂ ಇಲ್ಲದ ಪೊದೆ. ಮೂಲಿಕೆಯ ಬೇಡಿಕೆ ಹೆಚ್ಚಿದಷ್ಟೂ ಅಸಲಿ ಬೇರು ವಿರಳವಾಗುತ್ತದೆ. ಅಸಲಿ ವಿರಳವಾದಷ್ಟೂ ನಕಲಿ ಬೆರೆಯುತ್ತದೆ. ಆಗ ಕಾಡೂ ಸೋಲುತ್ತದೆ, ಕಾಲೂ ಸೋಲುತ್ತದೆ.

ಕರ್ನಾಟಕದಲ್ಲಿ ದೇವಿಮನೆ, ಚಾರ್ಮಾಡಿ, ಕುದುರೆಮುಖ, ಸಾವನದುರ್ಗ ಮೊದಲಾದ ಕಡೆ ಔಷಧಿ ಸಸ್ಯಗಳ ಸಂರಕ್ಷಣಾ ವಲಯಗಳನ್ನು ಗುರುತಿಸಿರುವುದು ಒಳ್ಳೆಯ ಹೆಜ್ಜೆ. ಆದರೆ ಕಾಡಿನ ನಾಲ್ಕು ಮೂಲೆಗಳನ್ನು ಕಾದು ಉಳಿದೆಡೆ ಬೇರು ಅಗೆಯಲು ಬಿಟ್ಟರೆ ಉಪಯೋಗವಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೊಟ್ಟಿತು, ಊರಿನ ಸಸ್ಯಸಂಪತ್ತನ್ನು ದಾಖಲಿಸುವ ಹೊಣೆಯನ್ನು ವಹಿಸಿತು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನವನ್ನು ಬಳಸುವವರಿಗೂ ಆಯುಷ್ ವೈದ್ಯರಿಗೂ ಕಾಯ್ದೆಯ ಕೆಲವು ಹೊಣೆಗಳಿಂದ ವಿನಾಯಿತಿ ನೀಡಿತು. ವೈದ್ಯರಿಗೆ ನೀಡಿದ ಸಡಿಲಿಕೆಯ ನೆರಳಿನಲ್ಲಿ ದೊಡ್ಡ ವ್ಯಾಪಾರ ನುಸುಳದಂತೆ ನೋಡಿಕೊಳ್ಳುವ ಎಚ್ಚರ ಈಗ ಹಳ್ಳಿಗಳಿಗೇ ಬೇಕು.

ಕಾಲಿಗೆ ಬಲ ಕೊಡುವುದು

ಸವೆದ ಮಂಡಿಗೆ ಎಲ್ಲಕ್ಕಿಂತ ಬಲವಾದ ಆಧಾರವುಳ್ಳ ಚಿಕಿತ್ಸೆ ಬಾಟಲಿಯಲ್ಲಿಲ್ಲ, ತೊಡೆಯ ಸ್ನಾಯುವಿನಲ್ಲಿದೆ. ಮಂಚದ ಅಂಚಿನಲ್ಲಿ ಕುಳಿತು ಒಂದು ಕಾಲನ್ನು ನೆಟ್ಟಗೆ ಚಾಚಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು, ಹಾಗೆಯೇ ಇನ್ನೊಂದು ಕಾಲು. ಬೆಳಿಗ್ಗೆ ಸಂಜೆ ಹತ್ತು ಹತ್ತು ಸಲ. ಖರ್ಚಿಲ್ಲದ ಈ ಸಾಧನೆಯನ್ನು ವಾರಗಟ್ಟಲೆ ಬಿಡದೆ ಮಾಡಿದರೆ ನೋವು ತಗ್ಗುತ್ತದೆ, ನಡಿಗೆ ಸುಧಾರಿಸುತ್ತದೆ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊರುಗೋಲನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಅನೇಕರು ನೋಯುವ ಬದಿಯಲ್ಲಿಯೇ ಹಿಡಿದು ಅದರ ಲಾಭವನ್ನು ಕಳೆದುಕೊಳ್ಳುತ್ತಾರೆ. ಏರುವುದಕ್ಕಿಂತ ಇಳಿಯುವುದು ಮಂಡಿಗೆ ಹೆಚ್ಚು ಭಾರವಾದ್ದರಿಂದ ಹೊರೆ ಹೊತ್ತು ಕಡಿದಾದ ದಾರಿ ಇಳಿಯುವುದನ್ನು ಕಡಿಮೆ ಮಾಡಬೇಕು.

ಊಟದ ಮಾತೂ ಇಲ್ಲಿ ಸೇರುತ್ತದೆ. ಮಲೆನಾಡಿನ ತಟ್ಟೆಯಲ್ಲಿ ಅನ್ನವೇ ತುಂಬಿಕೊಂಡಿದೆ. ಅಕ್ಕಿಯಲ್ಲಿ ಸುಣ್ಣದಂಶ ಅತ್ಯಲ್ಪ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣವಿದೆ. ಎಳ್ಳು, ನುಗ್ಗೆಸೊಪ್ಪು, ಮಜ್ಜಿಗೆಗಳು ಅದಕ್ಕೆ ಜೊತೆಯಾಗುತ್ತವೆ. ಮಳೆಗಾಲದ ತಿಂಗಳುಗಳಲ್ಲಿ ಸೂರ್ಯನನ್ನೇ ಕಾಣದ ಊರುಗಳಲ್ಲಿ ಮುದುಕರಿಗೂ ಮನೆಯೊಳಗೇ ಇರುವ ಹೆಂಗಸರಿಗೂ ವಿಟಮಿನ್ ಡಿ ಕೊರತೆಯಿಂದ ತೊಡೆಯೂ ಸೊಂಟವೂ ನೋಯುವುದುಂಟು. ಎಳೆಬಿಸಿಲಿಗಿಂತ ಹೊತ್ತೇರಿದ ಮೇಲಿನ ಬಿಸಿಲಿಗೆ ಮೈಯೊಡ್ಡುವುದು ಇದಕ್ಕೆ ಹೆಚ್ಚು ಪ್ರಯೋಜನಕಾರಿ.

ಊರು ಮಾಡಬೇಕಾದ ಕೆಲಸ

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ಮಾತು ಕೆಲಸದ್ದು. ಪ್ರತಿ ಶಾಲೆಯ ಬೇಲಿಯೂ ಲಕ್ಕಿಯ ಬೇಲಿಯಾಗಲಿ. ಅದಕ್ಕೆ ಯಾವ ಯೋಜನೆಯ ಹಣವೂ ಬೇಕಿಲ್ಲ, ಜೂನ್ ತಿಂಗಳ ಒಂದು ಬೆಳಗು ಸಾಕು. ಹಿತ್ತಿಲಿನಲ್ಲಿ ಹರಳು, ಶುಂಠಿ, ಅರಿಶಿನ, ನುಗ್ಗೆ ಇರಲಿ. ವಿದ್ಯಾರ್ಥಿಗಳು ತಮ್ಮ ಊರಿನ ದಶಮೂಲದ ಮರಗಳನ್ನು ಎಣಿಸಿ, ಬೀಜ ಬೀಳುವ ಕಾಲವನ್ನು ಗುರುತಿಸಿ ಪಂಚಾಯಿತಿಯ ದಾಖಲೆಗೆ ಸೇರಿಸಲಿ. ಬಿಲ್ವ, ಶಿವನೆ, ಪಾದರಿಗಳ ಸಸಿ ಮಾಡಿ ಬೆಟ್ಟದ ಬೋಳು ಜಾಗಗಳಲ್ಲಿ ನೆಡಲಿ. ಬೇರಿಗೆಂದೇ ಬೆಳೆಯುವುದಾದರೆ ಸ್ವಂತ ಜಮೀನಿನಲ್ಲಿ ಒತ್ತಾಗಿ ನೆಟ್ಟು ಬೆಳೆಯುವ ದಾರಿಯಿದೆ. ಕಾಡಿನ ಹಿರಿಯ ಮರದ ಬುಡಕ್ಕೆ ಹಾರೆ ಹಾಕುವವರಿಗೆ ಊರೇ ಅಡ್ಡ ನಿಲ್ಲಲಿ. ನಾಟಿವೈದ್ಯರಿಂದ ತಿಳಿವಳಿಕೆ ಕೇಳುವಾಗ ಮದ್ದಿನ ಹೆಸರನ್ನಷ್ಟೇ ಬರೆದುಕೊಳ್ಳದೆ, ಎಷ್ಟು ಬೇರು, ಯಾವ ಬದಿಯಿಂದ, ಯಾವ ಋತುವಿನಲ್ಲಿ ಎಂಬುದನ್ನೂ ಬರೆದುಕೊಳ್ಳಬೇಕು. ಕಾಡನ್ನು ಉಳಿಸಿದ ಜ್ಞಾನ ಅಡಗಿರುವುದು ಅಲ್ಲಿಯೇ.

ಅಷ್ಟೇ ಮುಖ್ಯವಾದ ಇನ್ನೊಂದು ಬೇಡಿಕೆಯನ್ನು ಸರ್ಕಾರದ ಮುಂದಿಡಬೇಕು. ಗುಡ್ಡಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಪರೀಕ್ಷೆ ತಪ್ಪದೆ ಸಿಗಬೇಕು, ಅಂಗಸಾಧನೆ ಕಲಿಸುವ ತಜ್ಞರು ವಾರಕ್ಕೊಮ್ಮೆಯಾದರೂ ಬರಬೇಕು, ಅಲೋಪಥಿ ಮತ್ತು ಆಯುರ್ವೇದ ವೈದ್ಯರು ಒಬ್ಬರ ರೋಗಿಯನ್ನು ಇನ್ನೊಬ್ಬರಿಗೆ ಸಂಕೋಚವಿಲ್ಲದೆ ಕಳುಹಿಸುವಂತಾಗಬೇಕು. ಜನ ಸಂತೆಯ ಪುಡಿಗೆ ಮೊರೆಹೋಗುವುದು ಅಜ್ಞಾನದಿಂದ ಮಾತ್ರವಲ್ಲ. ಆಸ್ಪತ್ರೆ ದೂರ, ಅಲ್ಲಿಗೆ ನಡೆಯಬೇಕಾದದ್ದು ನೋಯುವ ಕಾಲಿನಲ್ಲಿಯೇ ಎಂಬುದರಿಂದ.

ನೋಯುವ ಕಾಲಿಗೆ ಮೊದಲು ಹೆಸರು ತಿಳಿಯಲಿ, ಆಮೇಲೆ ಮದ್ದು ಸಿಗಲಿ. ಆ ಮದ್ದು ಬೇಲಿಯಲ್ಲಿ ಸಿಗುವಾಗ ಕಾಡಿನ ಬೇರಿಗೆ ಕೈಹಾಕುವುದು ಬೇಡ. ಬೇಲಿಯ ಮದ್ದಿಗೆ ಮೀರಿದ ನೋವಾದಾಗ ಆಸ್ಪತ್ರೆಯ ದಾರಿ ಹಿಡಿಯಲು ತಡಮಾಡುವುದೂ ಬೇಡ.